ಮಾಮ ಕಂಡ ಮರಳುಗಾಡು

ನವೆಂಬರ್ ೪

ಪ್ರೀತಿಯ ಸೊಳ್ಳೆಗೆ,

ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಅಮ್ಮನ ಬಾಯಿಯೂ ಕ್ಷೇಮ. ನೀನು ಬಸ್ಸು ಹತ್ತಿ ಎಂಟು ದಿನವಾಯಿತು. ಅಲ್ಲಿ ಫೋನು ಹತ್ತುವುದಿಲ್ಲ, ವಾರಕ್ಕೊಂದು ಸಲ ವ್ಯಾನು ಬಂದು ಟಪಾಲು ಕೊಟ್ಟು ಹೋಗುತ್ತದೆ ಎಂದು ನೀನು ಹೇಳಿದ್ದೇ ತಡ, ನಾನು ಹೊಸ ಪೆನ್ನು ತಂದಿಟ್ಟುಕೊಂಡೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೇನು, ನನ್ನ ಅಕ್ಷರ ನೋಡಿ ಮೇಷ್ಟ್ರು, "ನಿನ್ನ ತಲೇಲಿ ಏನೂ ಇಲ್ಲ ಕಣೋ, ಇರೋದೆಲ್ಲ ಕೈಯಲ್ಲೇ" ಎಂದಿದ್ದರು. ಅದನ್ನು ನಾನು ಇವತ್ತಿಗೂ ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ನಿನ್ನೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆದಿದ್ದಾಗಲೇ ವಿಷಯ ತೆಗೆದೆ. "ನಮ್ಮ ಹುಡುಗಿ ರೇಷ್ಮೆ ಮೇಲೆ ಚಿತ್ರ ಬರೀತಾಳಲ್ಲ, ಅವಳನ್ನ ಮರಳುಗಾಡಿನ ಸಂಶೋಧನಾ ಕೇಂದ್ರದೋರು ಕರೆಸಿಕೊಂಡಿದ್ದಾರೆ. ಹೊಸ ಹಜಾರ ಕಟ್ಟಿದ್ದಾರಂತೆ. ಅಲ್ಲಿನ ಗಿಡ, ಪ್ರಾಣಿ ನೋಡಿ ಒಂಬತ್ತು ಹೊಸ ಚಿತ್ರ ಬರೀಬೇಕು. ಹತ್ತನೇದು, ನಡುಗೋಡೆಗೆ, ಹಳೇದೇ ಬೇಕಂತೆ. ಯಾವುದು ಹೇಳು?"

"ಯಾವುದು?"

"ಮಾಮನ ಹೂ!"

"ಯಾವ ಮಾಮ?" ಎಂದ ಆ ಅಯೋಗ್ಯ, ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟುಕೊಂಡು.

"ಈ ಮಾಮ ಕಣಯ್ಯ! ಎರಡು ವರ್ಷ ಮರಳುಗಾಡಲ್ಲಿ ಒಂಟೆಗಳ ಜೊತೆ ಇದ್ದು ಬಂದೋನು ನಾನು. ಆ ಹೂವನ್ನ ಕಣ್ಣಾರೆ ಕಂಡೋನು ಈ ಸೀಮೇಲಿ ನಾನೊಬ್ಬನೇ."

ಪಕ್ಕದ ಕುರ್ಚಿಯವನು ಎದ್ದು ಬಂದು ನನ್ನ ಮುಖ ನೋಡಿದ. ಸೋಪಿನ ನೊರೆಯಲ್ಲೂ ಗಂಭೀರವಾಗಿಯೇ ಕೂತಿದ್ದೆ ಅನ್ನು.

ನೀನು ಹೋದ ಮೇಲೆ ಕೆಲಸದ ಕೋಣೆಯಲ್ಲಿ ನನ್ನ ಕಾಲು ನಿಲ್ಲುತ್ತಿಲ್ಲ. ಹಬೆ ಡ್ರಮ್ಮನ್ನು ಎರಡು ಸಲ ತಿಕ್ಕಿದೆ. ಬರೆದ ರೇಷ್ಮೆಯನ್ನೆಲ್ಲ ಕಾಗದದಲ್ಲಿ ಸುತ್ತಿ ನನಗೇ ಕಳಿಸು. ಹಬೆ ಕಾಣದ ಬಣ್ಣ ರೇಷ್ಮೆಗೆ ಹಿಡಿಯುವುದಿಲ್ಲ, ಒಂದು ಹನಿ ಬಿದ್ದರೂ ದಿಕ್ಕೆಟ್ಟು ಓಡುತ್ತದೆ. ನಿನಗೆ ಗೊತ್ತಿರುವುದೇ. ಆದರೆ ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಮುಚ್ಚಳದಿಂದ ಹನಿ ತೊಟ್ಟಿಕ್ಕದ ಹಾಗೆ ಕೆಳಗೆ ಕಂಬಳಿ ತುಂಡು ಹಾಸುವುದನ್ನು ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ಮರೆತಿದ್ದೇನೆಯೇ?

ಇನ್ನೊಂದು ಮಾತು. ಅಲ್ಲಿ ನನ್ನ ಬಗ್ಗೆ ಯಾರನ್ನೂ ವಿಚಾರಿಸಲು ಹೋಗಬೇಡ. ನಲವತ್ತು ವರ್ಷದ ಹಿಂದಿನ ಮಾತು, ನನ್ನನ್ನು ಕಂಡವರು ಯಾರೂ ಉಳಿದಿರಲಾರರು. ಸುಮ್ಮನೆ ನಿನ್ನ ಹೊತ್ತು ಹಾಳು. ಗಿಡ ನೋಡು, ಬರಿ, ಬಾ.

ಇಂತಿ,
ಹಬೆ ಕೊಡುವುದರಲ್ಲಿ ಏಳೂರಿಗೊಬ್ಬನೇ ಆದ
ನಿನ್ನ ಮಾಮ


ನವೆಂಬರ್ ೨೩

ಮಾಮ,

ನಿನ್ನ ಕಾಗದವನ್ನು ಇಲ್ಲಿ ಮೂರು ಸಲ ಓದಿದೆ, ಕ್ಷೌರದ ಭಾಗವನ್ನು ಐದು ಸಲ.

ನನಗೊಂದು ತಗಡಿನ ಮಾಡಿನ ಕೋಣೆ ಕೊಟ್ಟಿದ್ದಾರೆ. ಇಲ್ಲಿಯ ಗಾಳಿಗೆ ರೇಷ್ಮೆಯ ಮೇಲೆ ಬಣ್ಣ ಇಟ್ಟ ಕೂಡಲೇ ಒಣಗುತ್ತದೆ, ಹರಿಯಲು ಬಿಡುವುದೇ ಇಲ್ಲ. ಮೊದಲ ವಾರ ಎರಡು ಗಜ ಹಾಳು ಮಾಡಿದೆ. ಈಗ ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಬಣ್ಣ, ಉಳಿದ ಹೊತ್ತು ನೋಡುವುದು, ಗೆರೆ ಎಳೆಯುವುದು. ಮರಳಿಗೆ ಒದ್ದೆ ಬಣ್ಣದ ಮೇಲೆ ಕಲ್ಲುಪ್ಪು ಉದುರಿಸುತ್ತಿದ್ದೇನೆ. ಉಪ್ಪು ಬಣ್ಣವನ್ನು ಎಳೆದುಕೊಂಡು ಬಿಟ್ಟ ಗುರುತು ಇಲ್ಲಿಯ ನೆಲದ ಹಾಗೆಯೇ ಇರುತ್ತದೆ.

ಮಾಮ, ಮರಳುನರಿಯ ಕಿವಿ ಸಣ್ಣದು ಎಂದಿದ್ದೆಯಲ್ಲ? ನನ್ನ ಅಂಗೈಯಷ್ಟು ದೊಡ್ಡದು! ಮುಖಕ್ಕಿಂತ ಕಿವಿಯೇ ಹೆಚ್ಚು. ನಿನ್ನ ಕಾಲದಲ್ಲಿ ಬೇರೆ ಜಾತಿಯ ನರಿ ಇತ್ತೋ ಏನೋ.

ಈಗ ಮುಖ್ಯ ವಿಷಯ. ಇಲ್ಲಿ ಗಿಡಗಳ ವಿಭಾಗಕ್ಕೆ ಒಬ್ಬರು ಮೇಡಂ ಇದ್ದಾರೆ. ನಗುವುದು ಕಡಿಮೆ. ಪ್ರತಿ ಚಿತ್ರದ ಕೆಳಗೂ ಗಿಡದ ಹೆಸರು, ಎಲ್ಲಿ ಕಂಡದ್ದು, ಯಾರು ಕಂಡದ್ದು ಎಂದು ಚೀಟಿ ಹಾಕುತ್ತಾರಂತೆ. ಮಾಮನ ಹೂವನ್ನು ನೋಡಿ ಅವರು, "ಮೂವತ್ತು ವರ್ಷದಿಂದ ಇಲ್ಲಿದ್ದೀನಿ, ಈ ಗಿಡ ನಾನು ಕಂಡಿಲ್ಲ. ಎಲ್ಲಿದೆ ಹೇಳಿ, ಹೋಗಿ ನೋಡೋಣ" ಎಂದರು. ಅರ್ಜಿಯಲ್ಲಿ ನಾನು, ಇಲ್ಲಿ ಎರಡು ವರ್ಷ ವಾಸವಿದ್ದ ನನ್ನ ಮಾಮ ಕಣ್ಣಾರೆ ಕಂಡು ಹೇಳಿದ್ದು ಎಂದು ಬರೆದು ಸಹಿ ಮಾಡಿದ್ದೇನೆ. ಹೆಸರು ಸಿಗದಿದ್ದರೆ ನಡುಗೋಡೆ ಹೋಗುತ್ತದೆ. ಅದು ಸುಳ್ಳಾದರೆ ಉಳಿದ ಒಂಬತ್ತನ್ನು ಅವರು ಯಾಕೆ ನಂಬಬೇಕು?

ಬಿಳಿ ಮರಳಿನ ಮೇಲೆ ಎಲೆಯಿಲ್ಲದ ಕೆಂಪು ಹೂ, ನಡುವೆ ತಿಳಿ, ಅಂಚಿನಲ್ಲಿ ಗಟ್ಟಿ, ಒಂದು ಕೆಮ್ಮು ಕೆಮ್ಮುವಷ್ಟರಲ್ಲಿ ಅರಳಿಬಿಡುತ್ತದೆ. ನೀನು ಹೇಳುತ್ತಿದ್ದದ್ದು ಇಷ್ಟೇ ನನಗೆ ನೆನಪು. ಯಾವ ತಿಂಗಳು? ಯಾವ ಕಡೆ? ಒಂದು ನಕ್ಷೆ ಬರೆದು ಕಳಿಸು.

ಮೊದಲ ನಾಲ್ಕು ರೇಷ್ಮೆ ಇದರ ಜೊತೆಗಿವೆ. ಜೋಪಾನ.

ಸೊಳ್ಳೆ


ಡಿಸೆಂಬರ್ ೨

ಪ್ರೀತಿಯ ಸೊಳ್ಳೆಗೆ,

ನಾಲ್ಕಕ್ಕೂ ಹಬೆ ಕೊಟ್ಟು, ತೊಳೆದು, ಇಸ್ತ್ರಿ ಮಾಡಿ ವಾಪಸು ಕಳಿಸಿದ್ದೇನೆ. ಎಕ್ಕದ ಗಿಡ ಬರೆದಿದ್ದೀಯಲ್ಲ, ಅದನ್ನು ಅಂಗಳದಲ್ಲಿ ಒಣಗಿಸಿದ್ದಾಗ ಒಂದು ಚಿಟ್ಟೆ ಬಂದು ಕೂತಿತು. ಚಿಟ್ಟೆಗೇ ಮೋಸ ಮಾಡಿದ ಹಬೆ ಯಾರದ್ದು? ಹೇಳಿದರೆ ಜಂಬ ಎನ್ನುತ್ತೀಯ.

ಹೂವಿನ ವಿಷಯ. ಅದು ಹನ್ನೆರಡು ವರ್ಷಕ್ಕೊಮ್ಮೆ ಅರಳುವುದು. ಗಿಡ ಮರಳಿನೊಳಗೇ ಇರುತ್ತದೆ, ಹುಡುಕಿದರೆ ಸಿಗುವಂಥದ್ದಲ್ಲ. ನಕ್ಷೆ ಇಟ್ಟಿದ್ದೇನೆ. ಬಾವಿ ಇರುವಲ್ಲಿ ಬಾವಿ ಎಂದು ಬರೆದಿದ್ದೇನೆ, ಬಂಡೆ ಇರುವಲ್ಲಿ ಬಂಡೆ. ಬಾವಿಯಿಂದ ಪೂರ್ವಕ್ಕೆ. ಪಶ್ಚಿಮವೂ ಇರಬಹುದು, ಆಗ ಮೋಡ ಕವಿದಿತ್ತು. ಆದರೆ ಅಲ್ಲಿಗೆ ಹೋಗಬೇಡ, ಬಿಸಿಲು ಕೆಟ್ಟದ್ದು. ಆ ಮೇಡಂಗೆ ಹೇಳು, ಮೂವತ್ತು ವರ್ಷ ಇದ್ದ ಮಾತ್ರಕ್ಕೆ ಎಲ್ಲ ಕಾಣಬೇಕೆಂದಿಲ್ಲ, ನಾನು ಈ ಮನೆಯಲ್ಲಿ ಅರವತ್ತು ವರ್ಷದಿಂದ ಇದ್ದೇನೆ, ಇವತ್ತಿಗೂ ಸಕ್ಕರೆ ಡಬ್ಬ ಎಲ್ಲಿಡುತ್ತಾರೆ ಎಂದು ಗೊತ್ತಿಲ್ಲ.

ನಕ್ಷೆ ಬರೆಯುವಾಗ ನಿನ್ನ ಅಮ್ಮ ಬೆನ್ನ ಹಿಂದೆ ಬಂದು ನಿಂತಳು.

"ಏನೋ ಅದು?"

"ನಕ್ಷೆ."

"ಯಾವುದರದ್ದು?"

"ಕಾಣ್ತಿಲ್ವಾ? ಬಾವಿ, ಬಂಡೆ."

ಬಗ್ಗಿ ಇನ್ನೊಮ್ಮೆ ನೋಡಿದಳು. ಆಮೇಲೆ, "ಅಪ್ಪ ಹೋಗಿ ಎಷ್ಟು ವರ್ಷ ಆಯ್ತು. ನನ್ನ ಕೂದಲೂ ಬೆಳ್ಳಗಾಯ್ತು. ಇನ್ನಾದ್ರೂ ಅವಳಿಗೆ ಹೇಳಿಬಿಡೋ" ಎಂದಳು.

"ಏನು ಹೇಳೋದು?"

"ಏನು ಅಂತ ನಿನಗೂ ಗೊತ್ತು, ನನಗೂ ಗೊತ್ತು" ಎಂದು ಒಳಗೆ ಹೋದಳು. ಅವಳ ಮಾತು ನಿನಗೆ ಗೊತ್ತಲ್ಲ, ತಲೆಯೂ ಇಲ್ಲ ಬುಡವೂ ಇಲ್ಲ. ನಿನಗೆ ಬರೆಯುವಷ್ಟು ದೊಡ್ಡ ವಿಷಯವಲ್ಲ. ಯಾಕೆ ಬರೆದೆನೋ.

ಚೀಟಿಯಲ್ಲಿ "ಅಪರೂಪದ ಹೂ" ಎಂದು ಹಾಕಿಸಿಬಿಡು. ಸಾಕು.

ಇಂತಿ,
ನಿನ್ನ ಮಾಮ


ಡಿಸೆಂಬರ್ ೨೭

ಮಾಮ,

ಹೋದೆ. ಬಿಸಿಲು ಕೆಟ್ಟದ್ದು ಎಂದು ನೀನು ಹೇಳಿದ್ದರೂ ಹೋದೆ. ಮೇಡಂ ಜೀಪು ಓಡಿಸಿದರು, ನಾನು ನಿನ್ನ ನಕ್ಷೆ ಹಿಡಿದು ಮುಂದೆ ಕೂತಿದ್ದೆ. ಪೂರ್ವಕ್ಕೂ ಹೋದೆವು, ಪಶ್ಚಿಮಕ್ಕೂ ಹೋದೆವು. ಬಾವಿ ಇಲ್ಲ, ಬಂಡೆಯೂ ಇಲ್ಲ. ಕುರಿ ಕಾಯುವ ಮುದುಕ ಒಬ್ಬ ಸಿಕ್ಕ. ಮೇಡಂ ಅವನಿಗೆ ನಕ್ಷೆ ತೋರಿಸಿದರು. ಅವನು ಅದನ್ನು ಉಲ್ಟಾ ಮಾಡಿ ನೋಡಿದ, ಸೀದಾ ಮಾಡಿ ನೋಡಿದ, "ಇದು ಯಾವ ಊರಮ್ಮ?" ಎಂದ. ಮೇಡಂ ನಕ್ಷೆಯನ್ನು ನಾಲ್ಕಾಗಿ ಮಡಿಸಿ ನನ್ನ ಕೈಗಿಟ್ಟು ಜೀಪು ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿಗೆ ಬಂದಾಗಿನಿಂದ ನೀನು ಹೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ತಾಳೆ ನೋಡುತ್ತಿದ್ದೇನೆ. ನರಿಯ ಕಿವಿ ತಪ್ಪು. ಚೇಳು ಹಾಡುವುದಿಲ್ಲ. ಉಡ ಮನುಷ್ಯರ ಹೆಜ್ಜೆ ಎಣಿಸುವುದಿಲ್ಲ. ಇವೆಲ್ಲ ಹೋಗಲಿ, ಮಕ್ಕಳಿಗೆ ಹೇಳುವ ಕಥೆ ಎನ್ನೋಣ.

ಆದರೆ ಮಾಮ, ಹಕ್ಕಿ. ಹೊಟ್ಟೆಯ ಗರಿಯಲ್ಲಿ ನೀರು ಹೀರಿಕೊಂಡು ಹರದಾರಿಗಟ್ಟಲೆ ಹಾರಿ ಮರಿಗಳಿಗೆ ಕುಡಿಸುವ ಹಕ್ಕಿಯ ಕಥೆ ಹೇಳುತ್ತಿದ್ದೆ. ಆರು ವರ್ಷದವಳಾಗಿದ್ದಾಗಲೂ ನಾನದನ್ನು ನಂಬಿರಲಿಲ್ಲ, ನಿನ್ನ ಸುಳ್ಳುಗಳಲ್ಲೆಲ್ಲ ದೊಡ್ಡ ಸುಳ್ಳು ಎಂದು ನಗುತ್ತಿದ್ದೆ. ಅದಕ್ಕೇ ಅದನ್ನು ಯಾವತ್ತೂ ಬರೆಯಲಿಲ್ಲ. ಹೋದ ಗುರುವಾರ ಬೆಳಿಗ್ಗೆ ನೀರಿನ ಹೊಂಡದ ಹತ್ತಿರ ನೋಡಿದೆ. ಗಂಡು ಹಕ್ಕಿ ಹೊಂಡಕ್ಕಿಳಿದು ಹೊಟ್ಟೆಯನ್ನು ನೀರಿನಲ್ಲಿ ಆಡಿಸಿ ಆಡಿಸಿ ನೆನೆಸಿಕೊಂಡು ಹಾರಿಹೋಯಿತು. ಮೇಡಂ ಹೇಳಿದರು, ಇದು ಇಲ್ಲಿಯವರಿಗೆ ಮಾತ್ರ ಗೊತ್ತಿರುವ ವಿಷಯ, ನಿಮ್ಮ ಮಾಮನಿಗೆ ಹೇಗೆ ಗೊತ್ತಾಯಿತು ಎಂದು.

ನಾನೂ ಅದನ್ನೇ ಕೇಳುತ್ತಿದ್ದೇನೆ. ನಿಜವೆಂದು ನಂಬಿದ್ದೆಲ್ಲ ಸುಳ್ಳು, ಸುಳ್ಳೆಂದು ನಕ್ಕಿದ್ದು ನಿಜ. ನೀನು ಇಲ್ಲಿಗೆ ಬಂದಿದ್ದೆಯಾ ಮಾಮ? ಹೌದು ಅಥವಾ ಇಲ್ಲ, ಒಂದೇ ಪದದಲ್ಲಿ ಬರಿ.

ಮಾಮನ ಹೂವನ್ನು ನಡುಗೋಡೆಯಿಂದ ತೆಗೆಯಲು ಒಪ್ಪಿದ್ದೇನೆ. ಬದಲಿಗೆ ಇಲ್ಲಿಯ ಕಳ್ಳಿ ಹೂ ಬಿಟ್ಟಿರುವುದನ್ನು ಬರೆದೆ, ಹದಿನೇಳು ದಿನ ತೆಗೆದುಕೊಂಡಿತು. ಒಂದೊಂದು ಮುಳ್ಳಿಗೂ ಬಣ್ಣ ಹರಿಯದಂತೆ ತಡೆಯುವ ಅಂಟಿನ ಗೆರೆ. ಇಂಥದ್ದನ್ನು ನಾನು ಮತ್ತೆ ಬರೆಯಲಾರೆ. ಉಳಿದ ಐದರ ಜೊತೆ ಅದನ್ನೂ ಕಳಿಸುತ್ತಿದ್ದೇನೆ. ಹಜಾರ ತೆರೆಯುವುದು ಫೆಬ್ರವರಿ ೧೮ಕ್ಕೆ.

ಸೊಳ್ಳೆ


ಜನವರಿ ೬

ಪ್ರೀತಿಯ ಸೊಳ್ಳೆಗೆ,

ಕೆಟ್ಟ ಸುದ್ದಿ. ಐದು ರೇಷ್ಮೆ ಚೆನ್ನಾಗಿವೆ, ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಕಳ್ಳಿಯದ್ದು ಟಪಾಲಿನಲ್ಲಿ ಒದ್ದೆಯಾಗಿ ಬಂತು. ಕಟ್ಟಿನ ಒಂದು ಮೂಲೆ ಪೂರಾ ನೆನೆದಿತ್ತು. ಹೂವಿನ ಮೇಲೆಯೇ ಮೂರು ಕಲೆ, ತಟ್ಟೆಯಷ್ಟಗಲ. ಬಣ್ಣವೆಲ್ಲ ಮುಳ್ಳುಗಳನ್ನು ದಾಟಿ ಓಡಿದೆ. ಈ ಟಪಾಲಿನವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ನಾನು ಹೋಗಿ ಚೆನ್ನಾಗಿ ಬೈದು ಬಂದೆ, ಅವರು ತಲೆ ಎತ್ತಲಿಲ್ಲ.

ಹಳೆಯ ಹೂವನ್ನೇ ಹಾಕಿಸು. ಅದನ್ನು ಬೇಡ ಎಂದವರ ಕಣ್ಣಿಗೇನಾಗಿದೆ?

ನೀನು ಕೇಳಿದ್ದಕ್ಕೆ ಆಮೇಲೆ ಬರೆಯುತ್ತೇನೆ. ಸ್ವಲ್ಪ ನೆಗಡಿ.

ಇಂತಿ,
ಮಾಮ


ಜನವರಿ ೯

ಸೊಳ್ಳೆ,

ಮೊನ್ನೆಯ ಕಾಗದ ಹರಿದುಹಾಕು. ರೇಷ್ಮೆ ಟಪಾಲಿನಲ್ಲಿ ನೆನೆಯಲಿಲ್ಲ. ನಾನು ಯಾರನ್ನೂ ಬೈಯಲಿಲ್ಲ, ನನಗೆ ನೆಗಡಿಯೂ ಇಲ್ಲ.

ಐದಕ್ಕೂ ಸರಿಯಾಗಿಯೇ ಹಬೆ ಕೊಟ್ಟೆ. ಆರನೆಯದನ್ನು ಕಾಗದದಲ್ಲಿ ಸುತ್ತುವ ಮೊದಲು ಮೇಜಿನ ಮೇಲೆ ಹಾಸಿ ನೋಡಿದೆ. ಏನು ಬರೆದಿದ್ದೀಯೇ ಹುಡುಗಿ! ಕಳ್ಳಿಯ ಹೂವಿನ ಒಳಗೆ ಬಿಸಿಲು ಕೂತಿತ್ತು. ನನ್ನ ಹೂವಿನ ಜಾಗಕ್ಕೆ, ನನ್ನ ಯಾವ ಮಾತೂ ಸೇರದೆ ನೀನು ಬರೆದ ಚಿತ್ರ ಅದು. ಅದು ನನ್ನ ಹೂವಿಗಿಂತ ಚೆನ್ನಾಗಿತ್ತು. ಸುತ್ತಿ ಡ್ರಮ್ಮಿಗಿಳಿಸಿದೆ, ಮುಚ್ಚಳ ಹಾಕಿದೆ, ಕುರ್ಚಿ ಎಳೆದುಕೊಂಡು ಕೂತೆ. ಮೂರು ಗಂಟೆ. ಎದುರಿನ ಕುರ್ಚಿಯ ಬೆನ್ನ ಮೇಲೆ ಕಂಬಳಿ ತುಂಡು ಇತ್ತು. ಮೂರು ಗಂಟೆಯೂ ಅದನ್ನೇ ನೋಡುತ್ತ ಕೂತಿದ್ದೆ. ಅದು ಅಲ್ಲಿರಬಾರದು, ಮುಚ್ಚಳದ ಕೆಳಗಿರಬೇಕು ಎಂದು ಹೊಳೆದದ್ದು ಮುಚ್ಚಳ ತೆಗೆದ ಮೇಲೆ.

ಬೇಕೆಂದೇ ಮಾಡಿದೆನೋ, ಮರೆತೆನೋ? ಮೂರು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಮರೆತೆ ಎಂದು ಬರೆಯಬಹುದು, ನೀನು ನಂಬಲೂಬಹುದು. ಆದರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ಇವತ್ತು ನನ್ನ ಕೈಲಿರುವ ನಿಜ.

ನೀನು ಕೇಳಿದ ಒಂದು ಪದ: ಇಲ್ಲ.

ಆಗ ನನಗೆ ಇಪ್ಪತ್ತೆರಡು. ನಿನ್ನ ಅಮ್ಮನ ಮದುವೆ ಗೊತ್ತಾಗಿತ್ತು. ಅದೇ ತಿಂಗಳು ನನಗೆ ಕ್ಷಯ ಎಂದರು. ಮನೆಯಲ್ಲಿ ಇಂಥ ಕಾಯಿಲೆ ಇದೆ ಎಂದು ಗೊತ್ತಾದರೆ ಗಂಡಿನವರು ಎದ್ದು ಹೋಗುತ್ತಿದ್ದರು. ನಿನ್ನ ತಾತ ನನ್ನನ್ನು ದೂರದ ಗುಡ್ಡದ ಮೇಲಿನ ಆಸ್ಪತ್ರೆಗೆ ಸೇರಿಸಿ ಬಂದು, ಹುಡುಗ ಕೆಲಸಕ್ಕೆ ಹೋಗಿದ್ದಾನೆ ಎಂದರು. ಎಲ್ಲಿಗೆ ಎಂದು ಕೇಳಿದರೆ, ಯಾರೂ ನೋಡಿ ಬರಲಾಗದಷ್ಟು ದೂರ ಇರಬೇಕಲ್ಲ? ಮರಳುಗಾಡು ಎಂದರು. ಅಡಿಪಾಯ ಅವರದ್ದು. ಮೇಲಿನ ಮಹಡಿಗಳೆಲ್ಲ ನನ್ನವು.

ಆಸ್ಪತ್ರೆಯಲ್ಲಿ ಯಾರಿಗೂ ಹೆಸರಿರಲಿಲ್ಲ, ಮಂಚದ ನಂಬರೇ ಹೆಸರು. ನಾನು ಹದಿಮೂರು. ಪಕ್ಕದವನು ಹದಿನಾಲ್ಕು. ಅವನು ನಿಜವಾಗಿ ಮರಳುಗಾಡಿನವನು, ಒಂಟೆ ಕಾಯುತ್ತಿದ್ದವನು. ಬೆಳಗಾದರೆ ಮಾತು. ಹಕ್ಕಿ ಹೊಟ್ಟೆಯಲ್ಲಿ ನೀರು ತರುವುದನ್ನು ಅವನೇ ಹೇಳಿದ್ದು. ಎರಡೂ ಕೈಯನ್ನು ಕಿವಿಗೆ ಹಚ್ಚಿ ನರಿಯ ಕಿವಿ ಇಷ್ಟು ದೊಡ್ಡದು ಎಂದು ತೋರಿಸಿದ್ದ. ಅಷ್ಟು ದೊಡ್ಡ ಕಿವಿ ಎಂದರೆ ಊರಲ್ಲಿ ಯಾರು ನಂಬುತ್ತಾರೆ ಎಂದು ಕಿವಿ ಕತ್ತರಿಸಿದವನು ನಾನು. ಅವನು ಹೇಳಿದ ನಿಜ ಸಾಲದೆಂದು ಚೇಳಿನ ಕೈಲಿ ಹಾಡು ಹೇಳಿಸಿದವನೂ ನಾನೇ. ಒಂದು ಬೆಳಿಗ್ಗೆ ನೋಡಿದರೆ ಹದಿನಾಲ್ಕರ ಹಾಸಿಗೆ ಸುತ್ತಿಟ್ಟಿತ್ತು. ಗುಣವಾಗಿ ಮನೆಗೆ ಹೋದನೋ, ಇನ್ನೇನಾಯಿತೋ, ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಎಂದು ಹೆದರಿಕೆ. ನಲವತ್ತು ವರ್ಷ ಅವನ ಊರನ್ನು ನನ್ನದೆಂದು ಹೇಳಿ ತಿರುಗಿದೆ, ಅವನ ಹೆಸರು ನನಗೆ ಗೊತ್ತಿಲ್ಲ.

ಹೂವನ್ನು ಮಾತ್ರ ಅವನು ಹೇಳಲಿಲ್ಲ. ಅದು ನಾನು ಕಂಡದ್ದೇ. ಅಲ್ಲಿ ಬಿಳಿ ಬಟ್ಟೆ ಕೊಡುತ್ತಿದ್ದರು, ಬಾಯಿಗೆ ಹಿಡಿದುಕೊಳ್ಳಲು. ಕೆಮ್ಮಿದ ಮೇಲೆ ಬಟ್ಟೆ ಬಿಡಿಸಿ ನೋಡಿದರೆ ಕಣ್ಣೆದುರಿಗೇ ಅರಳುತ್ತಿತ್ತು, ನಡುವೆ ತಿಳಿಯಾಗಿ, ಅಂಚಿನಲ್ಲಿ ಗಟ್ಟಿಯಾಗಿ. ನೀನು ಐದು ವರ್ಷದವಳಿದ್ದಾಗ ಮರಳುಗಾಡಲ್ಲಿ ಹೂ ಇರುತ್ತಾ ಮಾಮ ಎಂದು ಕೇಳಿದೆ. ಬಾಯಿಗೆ ಅದೇ ಬಂತು. ನೀನು ಕಣ್ಣರಳಿಸಿಕೊಂಡು ಕೇಳಿದೆ. ಅಷ್ಟು ಕೆಟ್ಟದ್ದನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡವರು ಇನ್ನೊಬ್ಬರಿಲ್ಲ. ಆಮೇಲೆ ನೀನದನ್ನು ರೇಷ್ಮೆಯ ಮೇಲೆ ಬರೆದಾಗ, ಬಣ್ಣ ಹರಿದು ಅಂಚಿನಲ್ಲಿ ನಿಲ್ಲುವುದನ್ನು ನೋಡಿ ನಾನು ಎದ್ದು ಹೊರಗೆ ಹೋದೆ, ನೆನಪಿದೆಯಾ? ಒಳಗೆ ಸೆಕೆ ಜಾಸ್ತಿ ಎಂದೆ.

ಆ ಮೇಡಂಗೆ ನೀನು ಏನು ಬೇಕಾದರೂ ಹೇಳು. ನಾನು ಮೋಸ ಮಾಡಿದೆ ಎಂದು ಹೇಳು.

ಮಾಮ


ಜನವರಿ ೨೫

ಸೊಳ್ಳೆ,

ಎರಡು ವ್ಯಾನು ಬಂದು ಹೋಗಿರಬೇಕು. ಇಲ್ಲಿ ಟಪಾಲಿನವನು ಸೈಕಲ್ಲನ್ನು ನಮ್ಮ ಬಾಗಿಲ ಮುಂದೆ ನಿಧಾನ ಮಾಡುವುದನ್ನೇ ಬಿಟ್ಟಿದ್ದಾನೆ. "ಇದ್ದರೆ ಕೊಡಲ್ವಾ? ಮನೇಲಿಟ್ಟುಕೊಂಡು ಉಪ್ಪಿನಕಾಯಿ ಹಾಕ್ತೀನಾ?" ಎಂದ ನಿನ್ನೆ.

ಅಡುಗೆಮನೆಯಿಂದ ಕೆಲಸದ ಕೋಣೆಗೆ, ಅಲ್ಲಿಂದ ಬಾಗಿಲಿಗೆ, ಮತ್ತೆ ವಾಪಸು. "ನೆಲ ಸವೀತಿದೆ, ಕೂತ್ಕೊಳೋ" ಎಂದಳು ನಿನ್ನ ಅಮ್ಮ. ಕೂತೆ. ಕೂತರೆ ಕಾಲು ತಾನೇ ಅಲ್ಲಾಡುತ್ತದೆ. ಅವಳಿಗೆ ಎಲ್ಲ ಹೇಳಿದೆ, ನಿನಗೆ ಬರೆದೆ ಎಂದು. "ಬೈದಿದ್ದಾಳಾ?" ಎಂದಳು. ಇಲ್ಲ, ಬರೆದೇ ಇಲ್ಲ ಎಂದೆ. "ಹಾಗಾದ್ರೆ ಕಷ್ಟ" ಎಂದಳು.

ಬೈಯುವುದಾದರೆ ಬೈದು ಬರಿ. ನಾನು ಏನೂ ಕೇಳುತ್ತಿಲ್ಲ.

ಮಾಮ


ಜನವರಿ ೩೦

ಮಾಮ,

ಮೇಡಂಗೆ ಹೇಳಿದೆ. ಅವರು ನನ್ನ ಅರ್ಜಿ ತರಿಸಿ, ಆ ಸಾಲಿನ ಮೇಲೆ ನನ್ನ ಕೈಯಲ್ಲೇ ಗೀಟು ಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿಸಿದರು. ಆಮೇಲೆ ಒಂಬತ್ತು ಚಿತ್ರವನ್ನೂ ಗಿಡಗಳ ಎದುರಿಗಿಟ್ಟು ಎಲೆ ಎಲೆಯಾಗಿ ತಾಳೆ ನೋಡಿದರು. ಎರಡು ದಿನ ನಾನು ಪಕ್ಕದಲ್ಲಿ ನಿಂತಿದ್ದೆ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವಳ ಹಾಗೆ. ಒಂಬತ್ತೂ ನಿಂತವು. ನಡುಗೋಡೆಗೆ ಸಮಯದೊಳಗೆ ಇನ್ನೊಂದು ಕೊಟ್ಟರೆ ನೋಡುತ್ತೇನೆ, ಇಲ್ಲದಿದ್ದರೆ ಖಾಲಿ ಬಿಡುತ್ತೇನೆ ಎಂದರು.

ಕಳ್ಳಿಯನ್ನು ಮತ್ತೆ ಬರೆಯಲು ಕೂತೆ, ಕೈ ಬರಲಿಲ್ಲ. ನೀರಿನ ಹೊಂಡದ ಹಕ್ಕಿಯನ್ನು ಬರೆಯುತ್ತಿದ್ದೇನೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಯಾವುದಕ್ಕೆ ಎಷ್ಟು ಸಿಟ್ಟು ಎಂದು ವಿಂಗಡಿಸಲು ಈಗ ಸಮಯವಿಲ್ಲ. ಕಾಯಿಲೆಗೆ ಅಲ್ಲ, ಅಷ್ಟು ಗೊತ್ತು. ನಿನ್ನ ಹೂವನ್ನು ಮಡಿಸಿಟ್ಟೆ, ಬಿಚ್ಚಿದೆ, ಮತ್ತೆ ಮಡಿಸಿಟ್ಟೆ. ಅದರ ಮಾತು ಈಗ ಬೇಡ.

ಹಕ್ಕಿಯ ರೇಷ್ಮೆ ಟಪಾಲಿನಲ್ಲಿ ಹೋಗಿಬರುವಷ್ಟು ದಿನ ಉಳಿದಿಲ್ಲ. ಬೇರೆಯವರ ಹಬೆ ನನಗೆ ಬೇಡ. ಡ್ರಮ್ಮು ತೆಗೆದುಕೊಂಡು ನೀನೇ ಬಾ. ಕಂಬಳಿ ತುಂಡನ್ನು ಜೇಬಿನಲ್ಲಿಟ್ಟುಕೊ.

ಸೊಳ್ಳೆ


ಫೆಬ್ರವರಿ ೧೯

ಅಕ್ಕಾ,

ತಲುಪಿದೆ ಎಂದು ಬರೆಯಲು ಒಂಬತ್ತು ದಿನ ತಡವಾಯಿತು, ಬೈಯಬೇಡ. ಡ್ರಮ್ಮನ್ನು ಬಸ್ಸಿನ ಮೇಲೆ ಕಟ್ಟಲು ಕಂಡಕ್ಟರು ಬಿಡಲಿಲ್ಲ. ಒಳಗೇ ಕಾಲ ಮಧ್ಯೆ ಇಟ್ಟುಕೊಂಡು ಎರಡು ಹಗಲು ಬಂದೆ. ಕೇಳಿದವರಿಗೆಲ್ಲ ಫಿರಂಗಿ ಎಂದೆ.

ನಿನ್ನ ಮಗಳು ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ತೆಳ್ಳಗಾಗಿದ್ದಾಳೆ. ನಗಲಿಲ್ಲ. ಡ್ರಮ್ಮಿನ ಒಂದು ಕಡೆ ಅವಳು ಹಿಡಿದಳು, ಒಂದು ಕಡೆ ನಾನು. ದಾರಿಯುದ್ದಕ್ಕೂ ಡ್ರಮ್ಮೇ ಮಾತಾಡಿತು. ಹಬೆ ಕೊಡುವಾಗ ಮೂರು ಗಂಟೆ ಎದುರಿಗೇ ಕೂತಿದ್ದಳು. ನನ್ನನ್ನು ನೋಡಲಿಲ್ಲ, ಮುಚ್ಚಳ ನೋಡುತ್ತಿದ್ದಳು. ನನ್ನ ಹನ್ನೊಂದು ವರ್ಷದ ಕೈಗೆ ಕಾವಲು ಕೂತಳಲ್ಲ! ಕೂತದ್ದು ನ್ಯಾಯವೇ. ಒಂದು ಹನಿ ಬೀಳಲಿಲ್ಲ.

ನಿನ್ನೆ ಹಜಾರ ತೆರೆದರು. ದೊಡ್ಡ ಜನ, ಇಸ್ತ್ರಿ ಬಟ್ಟೆ, ಟೀ. ಹಕ್ಕಿ ನಡುಗೋಡೆಯಲ್ಲಿ. ಹೊಟ್ಟೆಯ ಗರಿಯಲ್ಲಿ ನೀರಿನ ಭಾರ ಕಾಣುತ್ತದೆ ಅಕ್ಕಾ, ಹೇಗೆ ಬರೆದಳೋ. ನಾನು ಕಂಬದ ಹಿಂದೆ ನಿಂತಿದ್ದೆ. ಕೇಂದ್ರದ ಮುಖ್ಯಸ್ಥರು, ಅರ್ಜಿ ಓದಿದ್ದರೆಂದು ಕಾಣುತ್ತದೆ, ಗೀಟು ಹಾಕಿದ್ದನ್ನು ನೋಡಿರಲಿಲ್ಲ. ಎಲ್ಲರನ್ನೂ ಕಟ್ಟಿಕೊಂಡು ನನ್ನ ಹತ್ತಿರವೇ ಬಂದರು.

"ನಲವತ್ತು ವರ್ಷದ ಹಿಂದೆ ಇಲ್ಲಿ ಎರಡು ವರ್ಷ ಇದ್ದ ಮಾಮ ನೀವೇನಾ? ಆಗ ಹೇಗಿತ್ತು ಹೇಳಿ, ಇವರೆಲ್ಲ ಕೇಳಲಿ."

ಹದಿನೈದು ಜನ, ಬಾಯಿ ತೆರೆದುಕೊಂಡು. ಅಂಥ ಸಭೆ ನನಗೆ ಜನ್ಮದಲ್ಲಿ ಸಿಕ್ಕಿಲ್ಲ. "ಆಗ ಇಲ್ಲಿ ರಸ್ತೇನೇ ಇರ್ಲಿಲ್ಲ ಸ್ವಾಮಿ" ಎನ್ನುವುದು ನಾಲಗೆಯ ತುದಿಗೆ ಬಂದು ಚಪ್ಪಲಿ ಹಾಕಿಕೊಂಡು ನಿಂತಿತ್ತು. ಮೇಡಂ ನನ್ನನ್ನೇ ನೋಡುತ್ತಿದ್ದರು. ಸೊಳ್ಳೆ ನೋಡಲಿಲ್ಲ, ರೇಷ್ಮೆಯ ಅಂಚಿನ ಸು‌ಕ್ಕನ್ನು ಬೆರಳಲ್ಲಿ ತೀಡುತ್ತ ನಿಂತಿದ್ದಳು. ಅಲ್ಲಿ ಸುಕ್ಕೇ ಇರಲಿಲ್ಲ.

"ಇಲ್ಲ ಸ್ವಾಮಿ" ಎಂದೆ. "ನಾನು ಹೋದ ವಾರ ಬಸ್ಸಿಳಿದೋನು. ಮರಳುಗಾಡು ನೋಡ್ತಿರೋದು ಇದೇ ಮೊದಲು. ಆ ಎರಡು ವರ್ಷ ಕ್ಷಯದ ಆಸ್ಪತ್ರೇಲಿದ್ದೆ. ಇದನ್ನೆಲ್ಲ ಪಕ್ಕದ ಮಂಚದೋನು ಹೇಳಿದ್ದು."

"ಅವರ ಹೆಸರು?"

"ಕೇಳಿಲ್ಲ ಸ್ವಾಮಿ. ಅದೇ ನನ್ನ ತಪ್ಪು."

ಮುಖ್ಯಸ್ಥರು ಟೀ ಕಡೆ ಹೋದರು, ಎಲ್ಲರೂ ಹಿಂದೆ ಹೋದರು. ಸೊಳ್ಳೆ ಬಂದು ಪಕ್ಕದಲ್ಲಿ ನಿಂತಳು. "ಹೊರಗೆ ಬಾ, ತೋರಿಸ್ತೀನಿ. ನಿನಗಿಲ್ಲಿ ಒಂದು ಗಿಡದ ಹೆಸರೂ ಗೊತ್ತಿಲ್ವಲ್ಲ" ಎಂದಳು.

ಹೋದೆ. ಅವಳು ಹೇಳುವುದು, ನಾನು ಕೇಳುವುದು. ಇದೇನು, ಅದೇನು, ಇದಕ್ಕೆ ಯಾಕೆ ಎಲೆಯಿಲ್ಲ, ಅದು ಯಾರ ಬಿಲ. ಅರವತ್ತೆರಡು ವರ್ಷದ ಗಂಡಸು ಅಂಗನವಾಡಿ ಮಗುವಿನ ಹಾಗೆ. ಗೊತ್ತಿಲ್ಲದೆ ಇರುವುದು ಎಷ್ಟು ಆಯಾಸದ ಕೆಲಸ ಅಕ್ಕಾ! ಅವಳು ನಡುನಡುವೆ ತಟ್ಟನೆ ಸುಮ್ಮನಾಗುತ್ತಾಳೆ. ಆಗ ನಾನೂ ಸುಮ್ಮನಿರುತ್ತೇನೆ. ಇಲ್ಲೇ ಇನ್ನೂ ಒಂದು ತಿಂಗಳು ಇರುತ್ತಾಳಂತೆ. ನೀನೂ ಇರು ಎಂದಿಲ್ಲ, ಹೋಗು ಎಂದೂ ಇಲ್ಲ. ಬಸ್ಸಿನ ಟಿಕೇಟನ್ನು ದಿನಕ್ಕೆ ಮೂರು ಸಲ ತೆಗೆದು ನೋಡಿ ಒಳಗಿಡುತ್ತಿದ್ದೇನೆ.

ಒಂದು ಉಪಕಾರ ಮಾಡು. ಅಲ್ಲಿ ಊರಲ್ಲಿ ಯಾರಿಗೂ ಈ ವಿಷಯ ನೀನು ಹೇಳಲು ಹೋಗಬೇಡ. ಮುಚ್ಚಿಡು ಎನ್ನುತ್ತಿಲ್ಲ. ನಾನೇ ಬಂದು ಮನೆಮನೆಗೂ ಹೋಗಿ ಹೇಳುತ್ತೇನೆ. ನೀನು ಹೇಳಿದರೆ ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತೀಯ. ನಾನು ನಲವತ್ತು ವರ್ಷ ಸುಳ್ಳು ಹೇಳಿದ್ದನ್ನು ನನಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ, ನೀನೇ ಹೇಳು.

ಇಂತಿ,
ನಿನ್ನ ತಮ್ಮ